‘ಹಗಲ ಪಾಳಿ’ ಕೇಳಿ ಮಲಗಿದವರು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ಬೈಯುವುದು ಬೇಡ. ನಮ್ಮ ಆಲ್ಬಮ್ಮಿಗೆ ಊರಿನ ಕಡೆಯಿಂದ ಬಂದ ಮೊಟ್ಟಮೊದಲ ಹೊಗಳಿಕೆ ನನ್ನದೇ. ಬಾಯಿ ನನ್ನದು, ದನಿ ಮಾತ್ರ ಬೀಳಗಿಯ ಗುರಪ್ಪ ಮಾಮಾನದು. ನಮ್ಮ ಕೆಲಸವನ್ನು ನಾವೇ ಹೊಗಳಿಕೊಳ್ಳಬಾರದು ಎಂಬ ಸಂಸ್ಕಾರ ನನಗೂ ಇದೆ. ಅದಕ್ಕೇ ಇನ್ನೊಬ್ಬರ ದನಿಯಲ್ಲಿ ಹೊಗಳಿಕೊಂಡೆ.

ಇವತ್ತು ಇದು ನೆನಪಾಗಲು ಫೋನು ಕಾರಣ. ಮುಂಜಾನೆ ಎದ್ದ ಕೂಡಲೇ ಅದು ‘ಜಾಗ ಇಲ್ಲ, ಏನಾದರೂ ಅಳಿಸು’ ಎಂದಿತು. ಬನಹಟ್ಟಿಯಲ್ಲಿ ಹುಟ್ಟಿದವನಿಗೆ ಜಾಗ ಇಲ್ಲ ಎನ್ನುವ ಮಾತು ಹೊಸದಲ್ಲ. ನಮ್ಮಲ್ಲಿ ಮನೆ ಕಟ್ಟುವಾಗ ಮೊದಲು ಮಗ್ಗಗಳಿಗೆ ಜಾಗ ಬಿಟ್ಟು, ಉಳಿದುದರಲ್ಲಿ ದೇವರನ್ನು ಕೂರಿಸಿ, ಅದರಲ್ಲೂ ಉಳಿದರೆ ಮನುಷ್ಯರು ಕಾಲು ಚಾಚುತ್ತಾರೆ. ಇರಲಿ, ಅಳಿಸಲು ಕುಳಿತೆ. ಯಾರ ಯಾರದೋ ಮದುವೆಯ ಫೋಟೊ, ದಿನ ಬೆಳಗಾದರೆ ಬರುವ ‘ಶುಭೋದಯ’ದ ಗುಲಾಬಿಗಳು, ಎಲ್ಲದರ ತಳದಲ್ಲಿ ಪುಟ್ಟದೊಂದು ಧ್ವನಿ ಸಂದೇಶ. ಒತ್ತಿದೆ.

“ಕಾಡಪ್ಪಾರ, ನಾ ಬೀಳಗಿಯಿಂದ ಗುರಪ್ಪ ಮಾತಾಡಾಕತ್ತೇನಿ. ಹುಡುಗ ಮಾಡಿದ್ದು ಕೇಳಿದೆ. ಛಲೋ ಮಾಡ್ಯಾನ. ಭಾಳ ಛಲೋ ಮಾಡ್ಯಾನ.”

ನನ್ನ ಕೆಲಸ ನಾನೇ ಕೇಳಿ ನಾನೇ ಮೆಚ್ಚಿದೆ. ಆ ‘ಕಾಡಪ್ಪಾರ’ ಎನ್ನುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಸಣ್ಣ ಕೆಮ್ಮು ಇದೆಯಲ್ಲ, ಅದನ್ನು ಕಲಿಯಲು ಮಾಮಾನ ಪಕ್ಕದಲ್ಲಿ ಎರಡು ಮದುವೆಗಳ ಊಟಕ್ಕೆ ಕೂತಿದ್ದೇನೆ.

ನಾನು ಹೊಟ್ಟೆಪಾಡಿಗೆ ಮಿಮಿಕ್ರಿ ಮಾಡುವವನು. ಜಮಖಂಡಿಯ ಒಂದು ಆರ್ಕೆಸ್ಟ್ರಾದಲ್ಲಿ ಹಾಡುವವರು ನೀರು ಕುಡಿಯಲು ಇಳಿದಾಗ ವೇದಿಕೆ ಬಿಕೋ ಎನ್ನಬಾರದೆಂದು ನನ್ನನ್ನು ಬಿಡುತ್ತಾರೆ. ಸಾವಳಗಿ ಬಸ್ಸಿನ ಕಂಡಕ್ಟರು, ಮೈಕು ಸಿಕ್ಕರೆ ಬಿಡದ ಬೀಗರು, ಚಳಿಗೆ ಸ್ಟಾರ್ಟ್ ಆಗದ ಟ್ರ್ಯಾಕ್ಟರು ನನ್ನ ಸರಕು. ಮುಧೋಳದವರ ಎದುರು ಮಾತ್ರ ಒಮ್ಮೆ ಮುಖಭಂಗವಾಯಿತು. ‘ಈಗ ನಿಮ್ಮ ಊರಿನ ಹೆಮ್ಮೆಯ ನಾಯಿ’ ಎಂದು ಸಾರಿ, ಎದೆ ತುಂಬಿ ಬೊಗಳಿದೆ. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದೇ ನಿಂತರು.

“ಏ ತಮ್ಮಾ, ಅದು ಬೀದಿ ನಾಯಿ. ನಮ್ಮ ನಾಯಿ ಹಂಗ ಒದರೂದಿಲ್ಲ. ಸುಮ್ಮನ ನೋಡತೈತಿ.”

ಮುಂದಿನ ಸಲ ಕತ್ತು ನೀಳ ಮಾಡಿ, ಹೊಟ್ಟೆ ಒಳಗೆಳೆದು, ನೆರೆದವರನ್ನು ತುಸು ತಾತ್ಸಾರದಿಂದ ನೋಡುತ್ತ ಸುಮ್ಮನೆ ನಿಂತೆ. ಚಪ್ಪಾಳೆಯೋ ಚಪ್ಪಾಳೆ. ದನಿಯನ್ನೇ ನಂಬಿ ಬದುಕುವ ನನ್ನ ಅತ್ಯುತ್ತಮ ಮಿಮಿಕ್ರಿಯಲ್ಲಿ ದನಿಯೇ ಇಲ್ಲ.

ಅದೇ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುವವನು ಈರಣ್ಣ. ನಮ್ಮ ಓಣಿಯವನೇ, ಒಂದೇ ಬೆಂಚಿನ ಗೆಳೆಯ. ಡ್ರಮ್ಸಿಗೆ ಕೂರುವವನು ಜಮಖಂಡಿಯ ರಿಯಾಜ. ಒಂದು ಮದುವೆ ಮುಗಿಸಿ ಬರುವಾಗ ಈರಣ್ಣ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತ, “ಮದುವಿ ಹಾಡು ಬಾರಿಸಿ ಬಾರಿಸಿ ಬೆರಳಿಗೆ ಅರಿಷಿಣ ಹತ್ತೇತಲೇ ಮಾದ್ಯಾ. ನಮ್ಮದು ಅಂತ ಏನರ ಮಾಡೂಣು” ಎಂದ. ಹೀಗೆ ಆರ್ಕೆಸ್ಟ್ರಾದ ಮಗ್ಗುಲಲ್ಲೇ ಒಂದು ರಾಕ್ ಬ್ಯಾಂಡು ಹುಟ್ಟಿತು. ಹೆಸರು ‘ಖಟಪಟ’. ಹಾಡುವವರಿಲ್ಲ. ಈರಣ್ಣನ ಮನೆಯ ವಿದ್ಯುತ್ ಮಗ್ಗಗಳ ಸದ್ದನ್ನು ಹಿಡಿದು, ಅದರ ಮೇಲೆ ಗಿಟಾರನ್ನು ಗರಗಸದ ಹಾಗೆ ಕೊರೆಯಿಸಿ, ನಡುನಡುವೆ ರಿಯಾಜ ಸಿಕ್ಕಿದ್ದನ್ನೆಲ್ಲ ಬಡಿಯುವುದು. ನಾನು ಬಾಯಿಂದ ಲಾಳಿಯ ಸದ್ದು ಮಾಡುತ್ತಿದ್ದೆ. ನಿಜವಾದ ಲಾಳಿ ಎದುರಿಗೇ ಓಡುತ್ತಿರುವಾಗ ಇವನೇಕೆ ಎಂದು ನೀವು ಕೇಳಬಹುದು. ರಿಯಾಜನೂ ಕೇಳಿದ. ಗೆಳೆಯ ಅಂತ ಇಟ್ಟುಕೊಂಡಿದ್ದರು.

ಆಲ್ಬಮ್ಮಿನ ಹೆಸರು ‘ಹಗಲ ಪಾಳಿ’. ಹಗಲು ಪಾಳಿಯ ಕೆಲಸ ಶುರುವಾಗುವಲ್ಲಿಂದ ಮಗ್ಗಗಳು ಒಂದೊಂದಾಗಿ ನಿಲ್ಲುವ ತನಕ, ನಾಲ್ಕು ಭಾಗ.

ಇದಕ್ಕೆಲ್ಲ ನಮ್ಮ ಅರಮನೆ ಈರಣ್ಣನ ಮನೆಯ ಮಗ್ಗದ ಕೋಣೆಯ ಒಂದು ಮೂಲೆ. ಅಲ್ಲಿದ್ದ ಹಳೆಯ ಮಗ್ಗ ಗುಜರಿಗೆ ಹೋದ ಮೇಲೆ ಈರಣ್ಣ ಅಲ್ಲಿ ಸ್ಪೀಕರು ಇಟ್ಟು, ಗಿಟಾರು ನೇತುಹಾಕಿ ಗೂಡು ಕಟ್ಟಿದ್ದ. ಅವನ ಅಪ್ಪ ಕಾಡಪ್ಪ ಕಾಕಾ ಅದೇ ಮೂಲೆಗೆ ಹೊಸ ಮಗ್ಗ ತರುವ ಲೆಕ್ಕದಲ್ಲಿದ್ದರು.

“ಈ ಮೂಲ್ಯಾಗ ಮಗ್ಗ ಇದ್ರ ಸೀರಿ ಬರತೈತಿ. ನೀ ಇದ್ರ ಏನ ಬರತೈತಿ?”

“ಆಲ್ಬಮ್ ಬರತೈತೆಪಾ.”

“ಅದು ಉಡಾಕ ಬರತೈತೇನು?”

ಈರಣ್ಣನಿಗೆ ಆ ಮೂಲೆ ಹೋದರೆ ಬೇರೆ ಜಾಗವಿರಲಿಲ್ಲ. ಎಲ್ಲಿ ಬಾರಿಸಿದರೂ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ. ಮಗ್ಗದ ಕೋಣೆಯಲ್ಲಿ ಮಾತ್ರ ಯಾರಿಗೂ ಕೇಳಿಸುವುದಿಲ್ಲ. ಅಪ್ಪ ಮಗ ವಾರಗಟ್ಟಲೆ ಮುಖ ಗಂಟು ಹಾಕಿಕೊಂಡು ಊಟ ಮಾಡಿದರು. ಈರಣ್ಣನ ಅವ್ವ ಶಾಂತವ್ವ ಕಾಕು ಇಬ್ಬರ ತಾಟಿಗೂ ರೊಟ್ಟಿ ಹಾಕಿ, ತಾನು ಹೋಗಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂರುತ್ತಿದ್ದಳು. ಕೊನೆಗೆ ಕಾಕಾನೇ ಒಂದು ಷರತ್ತು ಹಾಕಿದರು.

“ನನಗ ಇದರಾಗಿಂದು ತಿಳಿಯೂದಿಲ್ಲ. ಗುರಪ್ಪಣ್ಣಗ ತಿಳಿತೈತಿ. ಅವರು ಛಲೋ ಐತಿ ಅಂದ್ರ ಮೂಲಿ ನಿಂದು. ಇಲ್ಲಂದ್ರ ಮಗ್ಗದ್ದು.”

ಗುರಪ್ಪ ಮಾಮಾ ಎಂದರೆ ಶಾಂತವ್ವ ಕಾಕುವಿನ ಅಣ್ಣ. ಬೀಳಗಿಯಲ್ಲಿ ಹೊಲ ಮನೆ, ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುತ್ತಾರೆ. ಬಳಗದಲ್ಲಿ ಯಾವ ಮಗು ಅತ್ತರೂ ‘ಇದು ಯಾವ ಸ್ವರ’ ಎಂದು ಅವರ ಮುಖ ನೋಡುವ ರೂಢಿ. ಜಿಪುಣರಲ್ಲ, ಆದರೆ ‘ಛಲೋ’ ಎಂಬ ಮಾತನ್ನು ಮಾತ್ರ ಗಂಟಿನಲ್ಲಿ ಕಟ್ಟಿಟ್ಟವರು. ಮದುವೆಯ ಹೋಳಿಗೆಗೂ ‘ನಡೀತೈತಿ’ ಎನ್ನುತ್ತಾರೆ.

ಆಲ್ಬಮ್ಮನ್ನು ಇಂಟರ್ನೆಟ್ಟಿಗೆ ಏರಿಸಿದೆವು. ಮಾಮಾನ ಫೋನಿಗೂ ಕಳಿಸಿದೆವು. ಅವರಿಂದ ಸುದ್ದಿ ಇಲ್ಲ. ಉಳಿದ ಕಡೆಯಿಂದ ವಿಮರ್ಶೆಗಳು ಬರತೊಡಗಿದವು.

ಮೊದಲನೆಯದು ಸಾವಳಗಿಯಿಂದ. ನಮ್ಮ ಗೆಳೆಯನೊಬ್ಬ ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಹಾಕಿಕೊಂಡು ಹೊಲಕ್ಕೆ ಹೊರಟಿದ್ದಾನೆ. ಸ್ವಲ್ಪ ದೂರ ಹೋಗುತ್ತಲೇ ಇಂಜಿನ್ನಿನೊಳಗೆ ಏನೋ ಮುರಿದಿದೆ ಎಂದು ಗಾಬರಿಯಾಗಿ ನಿಲ್ಲಿಸಿ, ರಿಪೇರಿ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ಬಾನೆಟ್ಟು ಬಿಚ್ಚಿ, ಎಲ್ಲ ನೋಡಿ, ಇಂಜಿನ್ ಬಂದ್ ಮಾಡಿದರೂ ಸದ್ದು ನಿಲ್ಲದಿದ್ದಾಗ ಹಿಂದೆ ಸರಿದು ನಿಂತನಂತೆ.

ಎರಡನೆಯದು ಮುಧೋಳದ ಕಡೆಯ ತಿಮ್ಮಾಪುರದಿಂದ. ಅಲ್ಲಿನ ಪರಿಚಯದವನೊಬ್ಬ ತನ್ನ ನಾಯಿಯ ಮುಂದೆ ಹಾಕಿ ವಿಡಿಯೊ ಮಾಡಿ ಕಳಿಸಿದ. ನಾಯಿ ಎದ್ದಿತು, ಫೋನನ್ನು ನೋಡಿತು, ಅವನನ್ನು ನೋಡಿತು, ನಡೆದುಹೋಯಿತು. ಬೊಗಳಲಿಲ್ಲ. ಹಿರಿಯರು ಹೇಳಿದ್ದು ಸುಳ್ಳಲ್ಲ.

ಮೂರನೆಯದು ಬೆಂಗಳೂರಿನ ಒಂದು ಸಂಗೀತದ ಜಾಲತಾಣದಿಂದ, ಇಂಗ್ಲಿಷಿನಲ್ಲಿ. ನಾನು ಪದಕೋಶ ಹಿಡಿದು ಕನ್ನಡಕ್ಕೆ ಇಳಿಸಿ, ಟೀವಿಯಲ್ಲಿ ಸುದ್ದಿ ಓದುವವರ ದನಿಯಲ್ಲಿ ಕಾಕಾನಿಗೆ ಓದಿ ಹೇಳಿದೆ. ಬಯಲುಸೀಮೆಯ ಬಿಸಿಲಿನ ಏಕಾಂತವೆಲ್ಲ ಇದರಲ್ಲಿ ಗೂಡುಗಟ್ಟಿದೆಯಂತೆ. ಅದರಲ್ಲೂ ಕಂಪ್ಯೂಟರಿನಲ್ಲಿ ಅತ್ಯಂತ ಜಾಣತನದಿಂದ ಸೃಷ್ಟಿಸಿದ ತಾಳ ಬೆರಗುಗೊಳಿಸುತ್ತದಂತೆ.

“ಯಾವ ತಾಳಲೇ?” ಎಂದರು ಕಾಕಾ.

“ನಿಮ್ಮ ಬಾಗಲ ಕಡೆ ಮಗ್ಗರಿ ಕಾಕಾ.”

ಅವರು ತಮ್ಮ ಮಗ್ಗವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ತುಟಿಯಲ್ಲಿ ಏನೋ ಬಂದು ಹೋಯಿತು. ಆಮೇಲೆ, “ಗುರಪ್ಪಣ್ಣ ಏನಂದ್ರು?” ಎಂದರು.

ಏನೂ ಅಂದಿರಲಿಲ್ಲ. ಈರಣ್ಣ ದಿನಕ್ಕೆ ಹತ್ತು ಸಲ ಫೋನು ನೋಡುತ್ತಿದ್ದ. ಬೆಂಗಳೂರಿನವರ ಹೊಗಳಿಕೆಯನ್ನು ಒಂದು ಸಲ ಓದಿ ಮಡಚಿಟ್ಟವನು, ಮಾಮಾನ ಹೆಸರಿನ ಪಕ್ಕ ಹಸಿರು ಚುಕ್ಕೆ ಬಂದರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ. ಮೂಲೆಯೊಂದೇ ಆಗಿದ್ದರೆ ಅಷ್ಟು ಚಡಪಡಿಸುತ್ತಿರಲಿಲ್ಲ. ಚಿಕ್ಕವನಿದ್ದಾಗ ಸಾಲೆಯ ಸೂಟಿಗೆ ಬೀಳಗಿಗೆ ಹೋದಾಗಲೆಲ್ಲ ಪೇಟಿಯ ಕಪ್ಪು ಬಿಳಿ ಮನೆಗಳ ಮೇಲೆ ಇವನ ಬೆರಳಿಟ್ಟು ಒತ್ತಿಸಿದವರು ಆ ಮಾಮಾನೇ. ಹೊಸ ಮಗ್ಗದವರು ಜಾಗದ ಅಳತೆ ತೆಗೆದುಕೊಂಡು ಹೋದ ದಿನ ಈರಣ್ಣ ಊಟ ಮಾಡಲಿಲ್ಲ.

ನನಗೆ ನೋಡಲಾಗಲಿಲ್ಲ. ನೋಡಲಾಗದವರು ಬೇರೆ ಏನಾದರೂ ಮಾಡಬಹುದಿತ್ತು. ನನಗೆ ಬರುವುದು ಇದೊಂದೇ. ಅವರದೇ ಮನೆಯಲ್ಲಿ ಕಂಡಿಕೆ ಸುತ್ತುವ ಚಿಕ್ಕ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಗುರಪ್ಪ ಮಾಮಾನ ದನಿಯಲ್ಲಿ ಆ ಸಂದೇಶ ಹೇಳಿದೆ. ಹೊರಗೆ ಬಂದು, “ಮಾಮಾ ನನ್ನ ಫೋನಿಗೆ ಕಳಸ್ಯಾರ ನೋಡ್ರಿ” ಎಂದು ಕಾಕಾನಿಗೆ ಕಳಿಸಿದೆ.

ಜೀವಮಾನವೆಲ್ಲ ಮಗ್ಗದ ನಡುವೆ ನಿಂತು ಕಾಕಾನ ಕಿವಿ ಮಂದ. ಫೋನನ್ನು ಕಿವಿಗೆ ಒತ್ತಿ ಹಿಡಿದು ಎರಡು ಸಲ ಕೇಳಿದರು. “ಎರಡ ಸರ್ತಿ ಛಲೋ ಅಂದಾರ!” ಎಂದು ಬೆರಗಾದರು. ನಾನು ಆಗಲೇ ನಾಲಿಗೆ ಕಚ್ಚಿಕೊಂಡೆ. ಒಂದು ‘ಛಲೋ’ ಸಾಕಿತ್ತು. ಕಲಾವಿದನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಬೇಕು.

ಈರಣ್ಣ ಫೋನು ಇಸಿದುಕೊಂಡು ತಾನೂ ಕೇಳಿದ. ಫೋನನ್ನು ಅಪ್ಪನ ಕೈಗೆ ವಾಪಸು ಕೊಟ್ಟು, ಕಸಬರಿಗೆ ತಂದು, ಮೂಲೆಯನ್ನೆಲ್ಲ ಗುಡಿಸಿದ. ಸ್ಪೀಕರಿನ ಮೇಲಿನ ಅರಳೆ ಒರೆಸಿದ. ಗಿಟಾರಿಗೆ ಹೊಸ ಮೊಳೆ ಹೊಡೆದ. ಅವನ ಮುಖ ನೋಡಿ, ‘ಲೇ, ಅದು ನಾನು’ ಎಂದು ಹೇಳಲು ಬಾಯಿ ಬರಲಿಲ್ಲ. ಊರಿನ ಎಲ್ಲರ ಬಾಯಿ ಬರುತ್ತದೆ ನನಗೆ, ನನ್ನದೇ ಬರುವುದಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕಾಕಾನಿಗೆ ಸಂತೋಷ ಉಕ್ಕಿ, ಮಾಮಾನಿಗೆ ನೇರ ಫೋನು ಹಚ್ಚಿದರು. ನನ್ನ ಜೀವ ಬಾಯಿಗೆ ಬಂತು. ಉಳಿಸಿದ್ದು ಕಾಕಾನ ಕಿವಿಯೇ. ಅವರು ಫೋನಿನಲ್ಲಿ ಮಾತಾಡುವ ರೀತಿ ಹೀಗೆ: “ಹಾಂ ಗುರಪ್ಪಣ್ಣಾರ! ಆರಾಮರಿ? ನಾವೂ ಆರಾಮ! ಸೂಟಿ ದಿನ ಬರ್ರಿ! ಎಲ್ಲಾರೂ ಕೂಡಿ ಕೇಳೂಣು! ಇಡತೇನ್ರಿ!” ಆ ಕಡೆಯಿಂದ ಮಾಮಾ ಏನು ಕೇಳಿದರೋ, ಏನೆಂದು ಬೆರಗಾದರೋ, ಕೃಷ್ಣಾ ಹೊಳೆಯ ಹಿನ್ನೀರಿಗೇ ಗೊತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಊರಿನ ನಿದ್ದೆಯ ಬಗ್ಗೆ ಹೇಳದೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಬೇರೆ ಊರುಗಳಲ್ಲಿ ಮಕ್ಕಳನ್ನು ಮಲಗಿಸಲು ಹಾಡುತ್ತಾರಂತೆ. ನಮ್ಮಲ್ಲಿ ಮಗ್ಗ ಹಾಕುತ್ತಾರೆ. ಗೋಡೆಯ ಆಚೆ ಖಟ್ ಖಟಾ ಖಟ್ ಎನ್ನುತ್ತಿದ್ದರೆ ತೊಟ್ಟಿಲಿನ ಕೂಸಿನಿಂದ ಹಿಡಿದು ಗೊರಕೆಯ ಅಜ್ಜನವರೆಗೆ ಎಲ್ಲರಿಗೂ ಸುಖನಿದ್ದೆ. ಕರೆಂಟು ಹೋಗಿ ಮಗ್ಗ ನಿಂತ ಕ್ಷಣ ಇಡೀ ಓಣಿ ದಡಕ್ಕನೆ ಎದ್ದು ಕೂರುತ್ತದೆ. ನನ್ನನ್ನು ಸಾಲೆಗೆ ಎಬ್ಬಿಸಲು ಅವ್ವ ಎಂದೂ ಕೂಗಿದವಳಲ್ಲ. ಅಪ್ಪ ಮಗ್ಗ ನಿಲ್ಲಿಸುತ್ತಿದ್ದ, ಅಷ್ಟೇ. ಒಮ್ಮೆ ಬೇರೂರಿಗೆ ಪ್ರವಾಸ ಹೋದಾಗ ಧರ್ಮಶಾಲೆಯ ಆ ನಿಶ್ಶಬ್ದಕ್ಕೆ ನಮ್ಮ ವರ್ಗದ ಹುಡುಗರಿಗೆಲ್ಲ ನಿದ್ದೆ ಹಾರಿ, ಕೊನೆಗೆ ನಾನು ಬಾಯಿಂದ ಮಗ್ಗ ಓಡಿಸಬೇಕಾಯಿತು. ಅದೇ ನನ್ನ ಮೊದಲ ಕಾರ್ಯಕ್ರಮ. ಪ್ರೇಕ್ಷಕರೆಲ್ಲ ಗೊರಕೆ ಹೊಡೆದರು, ಮಾಸ್ತರರೂ. ನಾನೊಬ್ಬನೇ ಎಚ್ಚರ.

ಹಾಗಾಗಿ ಮಗ್ಗಗಳಿಗೆ ವಾರದ ಸೂಟಿ ಇರುವ ದಿನ ನಮ್ಮೂರು ಒಂಥರಾ ಅನಾಥ. ಮಧ್ಯಾಹ್ನ ಉಂಡು ಅಡ್ಡಾದವರು ಹೊರಳಾಡಿ ಹೊರಳಾಡಿ ಎದ್ದು, ಕಾರಣವಿಲ್ಲದೆ ಮಕ್ಕಳಿಗೆ ಬೈಯುತ್ತಾರೆ.

ಅಂಥ ಒಂದು ಸೂಟಿಯ ಮಧ್ಯಾಹ್ನ ಕಾಕಾನ ಮಗ್ಗದ ಕೋಣೆಯಲ್ಲಿ ‘ಹಗಲ ಪಾಳಿ’ಯ ಮೊದಲ ಸಾರ್ವಜನಿಕ ಶ್ರವಣ. ಓಣಿಯವರು ಬಂದರು. ಊಟ ಗಟ್ಟಿಯಾಗಿತ್ತು. ಬೀಳಗಿಯಿಂದ ಬಸ್ಸು ಹಿಡಿದು ಬಂದ ಗುರಪ್ಪ ಮಾಮಾ ಗೋಡೆಗೆ ಒರಗಿ, ಪದ್ಮಾಸನ ಹಾಕಿ ಕೂತರು. ನಾನು ಆದಷ್ಟು ಅವರಿಂದ ದೂರ, ಬಾಗಿಲಿಗೆ ಹತ್ತಿರ. ಈರಣ್ಣ ಗುಂಡಿ ಒತ್ತಿದ.

ಮಗ್ಗ ಶುರುವಾಯಿತು. ಗಿಟಾರು ಕೊರೆಯಿತು. ಮುಂದಿನ ಸಾಲಿನ ಅಜ್ಜ ಕಣ್ಣು ಮುಚ್ಚಿದ. ತಲ್ಲೀನನಾದ ಎಂದುಕೊಂಡೆವು. ಎರಡನೆಯ ಭಾಗ ಬರುವ ಹೊತ್ತಿಗೆ ಒಬ್ಬೊಬ್ಬರೇ ಗೋಡೆಗೆ, ಕಂಬಕ್ಕೆ, ಪಕ್ಕದವರ ಭುಜಕ್ಕೆ ವಾಲಿದರು. ಮೂರನೆಯದರಲ್ಲಿ ರಿಯಾಜ ಜೀವ ಹೋಗುವಂತೆ ಬಡಿಯುತ್ತಾನೆ. ಅಷ್ಟರಲ್ಲಿ ಕಾಕಾನ ಬಾಯಿ ತೆರೆದಿತ್ತು. ಇಡೀ ಓಣಿ ಸಾಲಾಗಿ ಮಲಗಿತ್ತು. ವಾರಕ್ಕೊಮ್ಮೆ ತಪ್ಪುವ ಮಧ್ಯಾಹ್ನದ ನಿದ್ದೆಯನ್ನು ನಾವು ಕೈಯಾರೆ ಕೊಟ್ಟಿದ್ದೆವು. ಈರಣ್ಣನ ಕೆನ್ನೆ ಮಾತ್ರ ಕೆಂಪೇರುತ್ತಿತ್ತು.

ಬ್ಯಾಂಡಿನ ನಮ್ಮ ಮೂವರನ್ನು ಬಿಟ್ಟರೆ ಎಚ್ಚರವಿದ್ದವರು ಇಬ್ಬರು. ಒಬ್ಬಳು ಬಾಗಿಲ ಬಳಿ ಶೇಂಗಾ ಸುಲಿಯುತ್ತ ಕೂತಿದ್ದ ಶಾಂತವ್ವ ಕಾಕು. ಇನ್ನೊಬ್ಬರು ಗುರಪ್ಪ ಮಾಮಾ. ಬೀಳಗಿಯವರಲ್ಲವೇ, ಮಗ್ಗದ ಸದ್ದಿನಲ್ಲಿ ರೆಪ್ಪೆ ಹಚ್ಚಲು ಅವರಿಗೆ ಇಂದಿಗೂ ಸಾಧ್ಯವಾಗಿಲ್ಲ. ತಂಗಿಯ ಮನೆಗೆ ಬಂದರೆ ರಾತ್ರಿ ವಸ್ತಿ ಇರದೆ ಸಂಜೆಯ ಬಸ್ಸಿಗೆ ಹೊರಡುವುದು ಅದಕ್ಕೇ. ನಮ್ಮ ಆಲ್ಬಮ್ಮನ್ನು ಮೊದಲಿಂದ ಕೊನೆಯತನಕ ಕೇಳಿದ ಏಕೈಕ ವಿಮರ್ಶಕ ಹೀಗೆ ಅನಿವಾರ್ಯವಾಗಿ ಹುಟ್ಟಿದ.

ಕೊನೆಯ ಭಾಗದಲ್ಲಿ ಮಗ್ಗಗಳು ಒಂದೊಂದಾಗಿ ನಿಲ್ಲುತ್ತವೆ. ಕೊನೆಯದೂ ನಿಂತಿತು. ಈರಣ್ಣನ ಗಿಟಾರಿನ ಒಂದೇ ತಂತಿ ಆ ಖಾಲಿಯಲ್ಲಿ ಮೆಲ್ಲಗೆ ಮಿಡಿಯಿತೋ ಇಲ್ಲವೋ, ಇಡೀ ಕೋಣೆ ದಡಬಡಿಸಿ ಎದ್ದಿತು.

“ಕರೆಂಟ್ ಹೋತು!”

“ಯಾರ ಮನ್ಯಾಗ ಐತಿ ನೋಡ್ರಿ!”

“ಲೇ, ಲೈಟಿನವ್ರಿಗೆ ಫೋನ್ ಹಚ್ಚಲೇ!”

ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಅದರ ಕೆಳಗೇ ನಿಂತು ಕಾಕಾ ಚಪ್ಪಲಿ ಹುಡುಕುತ್ತಿದ್ದರು.

ಗಲಾಟೆ ತಣ್ಣಗಾಗಿ, ಓಣಿಯವರು ‘ಭಾಳ ದಿನಕ್ಕ ನಿದ್ದಿ ಆತು ನೋಡ, ಮುಂದಿನ ಸೂಟಿಗೂ ಹಚ್ಚಪಾ’ ಎಂದು ಈರಣ್ಣನ ಬೆನ್ನು ತಟ್ಟಿ ಹೋದರು. ಅವನು ತಲೆ ತಗ್ಗಿಸಿ ವೈರು ಸುತ್ತುತ್ತಿದ್ದ. ಕಾಕಾ ಮುಖ ತೊಳೆದು ಬಂದು, ಠೀವಿಯಿಂದ ಮಾಮಾನ ಎದುರು ಕೂತರು.

“ಮಂದಿ ಮಲಗಿದ್ರೂ ನಡೀತೈತ್ರಿ. ನೀವು ಆವತ್ತ ಎರಡ ಸರ್ತಿ ಛಲೋ ಅಂದೀರಿ. ನನಗ ಅಷ್ಟ ಸಾಕು.”

“ನಾ ಯಾವಾಗ ಅಂದೆ?”

ನಾನು ಚಪ್ಪಲಿ ಹಾಕಿಕೊಂಡೆ. ಕಾಕಾ ಫೋನು ತೆಗೆದು ಸಂದೇಶ ಒತ್ತಿದರು. ಮಾಮಾ ಗಂಟಲು ಸರಿಮಾಡಿಕೊಂಡು ಕೇಳತೊಡಗಿದರು. ಫೋನಿನೊಳಗಿನ ಮಾಮಾನೂ ಸರಿಮಾಡಿಕೊಂಡ. ಸಂದೇಶ ಮುಗಿಯಿತು. ಇನ್ನೊಮ್ಮೆ ಹಾಕಿಸಿ ಕೇಳಿದರು.

“ದನಿ ನಂದ ಐತಿ,” ಎಂದರು. “ಆದ್ರ ಕಾಡಪ್ಪಾರ, ನಾ ಬೀಳಗಿಯಿಂದ ಮಾತಾಡಾಕತ್ತೇನಿ ಅಂತೀನಲ್ಲ, ನನ್ನ ಹಿಂದ ಖಟ್ ಖಟಾ ಖಟ್ ಅಂತ ಮಗ್ಗ ಓಡಾಕತ್ತಾವು. ನಮ್ಮ ಹೊಲದಾಗ ಮಗ್ಗ ಯಾವಾಗ ಬೆಳದ್ವು?”

ನಿಮಗೆ ನಗು ಬರಬಹುದು. ನನಗೆ ಆಗ ಮೊದಲ ಸಲ ಆ ಸದ್ದು ಕೇಳಿಸಿತು. ಈರಣ್ಣ ಆ ಸಂದೇಶವನ್ನು ಎಷ್ಟು ಸಲ ಕೇಳಿದ್ದನೋ, ಅವನಿಗೂ ಕೇಳಿಸಿರಲಿಲ್ಲ. ಕಾಕಾನಿಗಂತೂ ಪ್ರಶ್ನೆಯೇ ಇಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲೇ ಇರುವುದು ಕಿವಿಗೆ ಬೀಳುವುದು ಹೇಗೆ?

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕತ್ತು ನೀಳ ಮಾಡಿ ಮುಧೋಳದ ನಾಯಿಯಂತೆ ಸುಮ್ಮನೆ ನಿಂತೆ. ಚಪ್ಪಾಳೆ ಬರಲಿಲ್ಲ. ಈರಣ್ಣ ಮಾತ್ರ ಮೆಲ್ಲಗೆ, “ನೀನೇನಲೇ ಮಾದ್ಯಾ?” ಎಂದ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅವನು ಬೈಯಲಿಲ್ಲ. ಹೊಸ ಮೊಳೆಯಿಂದ ಗಿಟಾರನ್ನು ಇಳಿಸತೊಡಗಿದ.

“ತಡಿ,” ಎಂದರು ಮಾಮಾ. “ಇಂವಂದು ಆತು. ನಂದು ಕೇಳವಲ್ರಿ ಯಾರೂ. ಫೋನಿನ್ಯಾಗ ಕಳಸಿದ್ದು ನನಗ ತೆಗಿಯಾಕ ಬರಲಿಲ್ಲ. ಇವತ್ತ ಪೂರಾ ಕೇಳೇನಿ.” ಈರಣ್ಣ ಗಿಟಾರು ಹಿಡಿದುಕೊಂಡೇ ನಿಂತ. “ಮೊದಲನೇದು ಹಾಡಲ್ಲ. ಎರಡನೇದು ಮೊದಲನೇದ. ಮೂರನೇದಕ್ಕ ನನ್ನ ದವಡಿ ಹಲ್ಲು ಜುಮ್ ಅಂದುವು. ಆ ಹುಡುಗ ಬಾಯಿಲೆ ಲಾಳಿ ಯಾಕ ಓಡಸ್ತಾನ, ನನಗ ತಿಳೀಲಿಲ್ಲ.”

“ನಮಗೂ ತಿಳದಿಲ್ರಿ,” ಎಂದ ರಿಯಾಜ.

ಮಾಮಾ ಈರಣ್ಣನ ಕೈಯಲ್ಲಿದ್ದ ಗಿಟಾರಿನ ಕಡೆ ಬೆರಳು ಮಾಡಿದರು. “ಕಡೀಕ ಮಗ್ಗ ಎಲ್ಲಾ ನಿಂತ ಮ್ಯಾಲ ಒಂದ ತಂತಿ ಮಿಡದೀಯಲ್ಲಾ. ಆ ಸ್ವರ ಅಲ್ಲೇ ಇರಬೇಕಾದದ್ದು. ಮತ್ತ ಬ್ಯಾರೆ ಯಾವದರ ಇಟ್ಟಿದ್ರ ಎದ್ದ ಹೋಗತಿದ್ದೆ. ಅದನ್ನ ನಾ ಕಲಿಸಿಲ್ಲ ನಿನಗ.”

ಈರಣ್ಣನ ಕಣ್ಣು ತುಂಬಿತು. ನನ್ನ ಎರಡು ‘ಛಲೋ’ಗಳಿಗೆ ಆಗದ ಕೆಲಸ.

ಕಾಕಾ ಮಾತ್ರ ಷರತ್ತಿನ ಮನುಷ್ಯ. ಮುಂದೆ ಬಾಗಿ, ಕಿವಿಗೆ ಕೈ ಹಚ್ಚಿ, “ಹಂಗಂದ್ರ ಛಲೋ ಐತಿ ಅಂದಂಗಾತೇನ್ರಿ?” ಎಂದರು.

“ಛಲೋ ಅನ್ನಾಕ ಇನ್ನ ಟೈಮ್ ಐತಿ,” ಎಂದರು ಮಾಮಾ. ಗಂಟು ಬಿಚ್ಚಲಿಲ್ಲ.

“ಅಂದ್ರ ಅನ್ನಲಿಲ್ಲ. ಮಾತ ಅಂದ್ರ ಮಾತ. ಒಬ್ಬರೂ ಛಲೋ ಅನ್ನದ ಸಪ್ಪಳಕ್ಕ ಮನ್ಯಾಗ ಜಾಗಾ ಯಾಕ? ನಾಳೆ ಮೂಲಿ ಖಾಲಿ ಮಾಡು,” ಎಂದು ಕಾಕಾ ಎದ್ದರು.

ಇಷ್ಟು ಹೊತ್ತೂ ತುಟಿ ಎರಡು ಮಾಡದ ಶಾಂತವ್ವ ಕಾಕು ಮಡಿಲಿನ ಶೇಂಗಾ ಸಿಪ್ಪೆ ಕೊಡವಿ, ಗಂಡನ ಮಂದ ಕಿವಿಗೂ ನಾಟುವಷ್ಟು ಗಟ್ಟಿಯಾಗಿ ಹೇಳಿದಳು:

“ಬೀಳಗಿಯಿಂದ ಮದುವ್ಯಾಗಿ ಬಂದ ದಿನದಿಂದ ನಿಮ್ಮ ಮಗ್ಗದ ಸಪ್ಪಳ ಕೇಳಾಕತ್ತೇನಿ. ಒಂದ ದಿನರ ಛಲೋ ಐತಿ ಅಂದೇನೇನು? ಹಂಗಂತ ಮೂಲಿ ಖಾಲಿ ಮಾಡ್ರಿ ಅಂದೇನೇನು?”